ವಾರಾಂತ್ಯದ ಟ್ರ್ಯಾಕ್ ಡೇಗೆ ಸೆಕೆಂಡ್ ಹ್ಯಾಂಡ್ ರಿಯರ್ ವೀಲ್ ಡ್ರೈವ್: ಮಿಯಾಟಾನಾ, ಎಫ್‌ಆರ್‌ಎಸ್ಸಾ, ಇ46ಆ?

ಮೂರನೇ_ಗೇರ್

ಎಲ್ಲರಿಗೂ ನಮಸ್ಕಾರ. ಊರು ಸ್ಯಾನ್ ಹೋಸೆ. ತಿಂಗಳಿಗೊಂದು ಸಲ ಥಂಡರ್‌ಹಿಲ್ ಇಲ್ಲವೇ ಲಗೂನಾ ಸೆಕಾ ರೇಸ್ ಟ್ರ್ಯಾಕಿನಲ್ಲಿ ಓಡಿಸೋಕೆ ಸೆಕೆಂಡ್ ಹ್ಯಾಂಡ್ ರಿಯರ್ ವೀಲ್ ಡ್ರೈವ್ ಕಾರು ಬೇಕು. ಒಟ್ಟು ಬಜೆಟ್ 12,000 ಡಾಲರ್. ಟ್ರೇಲರ್ ಇಲ್ಲ, ಅದೇ ಕಾರಲ್ಲಿ ಹೋಗಿ ಅದೇ ಕಾರಲ್ಲಿ ಮನೆಗೆ ಬರಬೇಕು. ಮ್ಯಾನುವಲ್ ಗೇರೇ ಆಗಬೇಕು. ಎತ್ತರ 6 ಅಡಿ 1 ಇಂಚು.

ಪಟ್ಟಿಯಲ್ಲಿ ನಾಲ್ಕಿವೆ: 1999–2005ರ ಮಝ್ದಾ ಮಿಯಾಟಾ, ಅಂದರೆ ಎನ್‌ಬಿ ಅನ್ನೋ ಎರಡನೇ ತಲೆಮಾರಿನ ಓಪನ್ ಕಾರು, 2013–16ರ ಸಯಾನ್ ಎಫ್‌ಆರ್‌ಎಸ್ ಅಥವಾ ಅದರ ಅವಳಿ ಸುಬಾರು ಬಿಆರ್‌ಝಡ್, ಬಿಎಂಡಬ್ಲ್ಯು ಇ46 330ಐ, ನಿಸ್ಸಾನ್ 350ಝಡ್. ಪವರ್ ನೋಡಿದರೆ 287 ಎಚ್‌ಪಿಯ ಝಡ್ ಎಲ್ಲಕ್ಕಿಂತ ಮೇಲೆ, ಬೆಲೆಯೂ ಕೈಗೆಟುಕುತ್ತೆ. ಅದನ್ನೇ ಯಾಕೆ ತಗೋಬಾರದು?

ನಟ್ಟು_ಬೋಲ್ಟು

ತಗೋಬಹುದು. ಸಾಕೋದು ಕಷ್ಟ.

ಟ್ರ್ಯಾಕಿನಲ್ಲಿ ದುಡ್ಡು ತಿನ್ನುವುದು ತೂಕ. ಗಂಟೆಗೆ 160 ಕಿ.ಮೀ. ವೇಗದಿಂದ 80ಕ್ಕೆ ಇಳಿಸುವಾಗ 1,050 ಕೆಜಿಯ ಮಿಯಾಟಾದ ಬ್ರೇಕುಗಳು ಸುಮಾರು 780 ಕಿಲೋಜೂಲ್ ಶಾಖ ನುಂಗಬೇಕು. 1,500 ಕೆಜಿ ತೂಗುವ ಝಡ್‌ನಲ್ಲಿ ಅದೇ ಲೆಕ್ಕ 1,100 ದಾಟುತ್ತೆ. ಇದು ಒಂದೇ ಒಂದು ತಿರುವಿಗೆ. ಲಗೂನಾದಲ್ಲಿ 2ನೇ ತಿರುವಿನ ಮುಂದೆ, ಕಾರ್ಕ್‌ಸ್ಕ್ರೂ ತಿರುವಿಗೆ ಮುಂಚಿನ ಏರಿನ ತುದಿಯಲ್ಲಿ, 11ರ ಮುಂದೆ, ಹೀಗೆ ಪ್ರತಿ ಸುತ್ತಿನಲ್ಲೂ ಗಟ್ಟಿಯಾಗಿ ಬ್ರೇಕ್ ಒತ್ತಬೇಕು. 20 ನಿಮಿಷದ ಸೆಷನ್‌ನಲ್ಲಿ ಡಿಸ್ಕ್ ತಣ್ಣಗಾಗಲು ಪುರುಸೊತ್ತೇ ಸಿಗುವುದಿಲ್ಲ. ಬ್ರೆಂಬೊ ಬ್ರೇಕ್ ಇಲ್ಲದ ಸಾಮಾನ್ಯ 350ಝಡ್ ಕಂಪನಿ ಪ್ಯಾಡ್‌ನಲ್ಲಿ ಬೇಗನೇ ಸೋಲುತ್ತೆ, ಪವರ್ ಸ್ಟೀರಿಂಗ್ ಎಣ್ಣೆಯೂ ಕುದಿಯುತ್ತೆ. 2005–06ರ 300 ಎಚ್‌ಪಿ ‘ರೆವ್-ಅಪ್’ ಎಂಜಿನ್ ಆಯಿಲ್ ಕುಡಿಯುವುದರಲ್ಲಿ ಹೆಸರುವಾಸಿ. ಮೇಲಿಂದ 18 ಇಂಚಿನ ಟೈರು. ಒಂದು ಸೆಟ್‌ನ ದುಡ್ಡಿನಲ್ಲಿ ಮಿಯಾಟಾಕ್ಕೆ ಹೆಚ್ಚುಕಮ್ಮಿ ಎರಡು ಸೆಟ್ ಬರುತ್ತೆ.

ಇನ್ನು ಬಜೆಟ್. 12,000 ಇದೆ ಅಂತ 12,000ದ ಕಾರು ತಂದರೆ ಮೊದಲ ಟ್ರ್ಯಾಕ್ ಡೇ ಕ್ರೆಡಿಟ್ ಕಾರ್ಡ್ ಮೇಲೆ. ಕಾರಿಗೆ 7,500–8,000ಕ್ಕೇ ಗೆರೆ ಎಳೆಯಿರಿ. ಉಳಿದದ್ದರಲ್ಲಿ ಟೈರು, ಮುಂದೆ-ಹಿಂದೆ ಪ್ಯಾಡ್, ಬ್ರೇಕ್ ಫ್ಲೂಯಿಡ್, ಎಂಜಿನ್-ಗೇರ್‌ಬಾಕ್ಸ್-ಡಿಫರೆನ್ಷಿಯಲ್ ಮೂರರ ಆಯಿಲ್, ಹಳೆ ಕಾರಾದರೆ ರೇಡಿಯೇಟರ್ ಮತ್ತು ಹೋಸ್‌ಗಳು, ಹೆಲ್ಮೆಟ್, ಅಲೈನ್‌ಮೆಂಟ್. ಓಪನ್ ಕಾರಾದರೆ ರೋಲ್ ಬಾರ್, ಅಂದರೆ ಮಗುಚಿದಾಗ ತಲೆ ಕಾಯುವ ಕಬ್ಬಿಣದ ಕಮಾನು. ಇಷ್ಟಕ್ಕೇ 3,000 ದಾಟುತ್ತೆ. ಪ್ರತಿ ದಿನದ ಎಂಟ್ರಿ ಫೀ ಬೇರೆ.

ನನ್ನ ವೋಟು ಎನ್‌ಬಿ ಮಿಯಾಟಾಕ್ಕೆ. ಅದರಲ್ಲೂ 2001ರ ನಂತರದ್ದು ಸಿಕ್ಕರೆ ಒಳ್ಳೆಯದು: ಚಾಸಿ ಇನ್ನಷ್ಟು ಗಟ್ಟಿ, ಎಂಜಿನ್‌ಗೆ ವೇರಿಯಬಲ್ ವಾಲ್ವ್ ಟೈಮಿಂಗ್, ಸ್ಪೋರ್ಟ್ ಪ್ಯಾಕೇಜ್ ಇದ್ದರೆ ಮುಂದಿನ ಡಿಸ್ಕ್ 255ರ ಬದಲು 270 ಮಿ.ಮೀ.

ಬಾಕ್ಸರ್_ಭಟ್ಟ

ನಟ್ಟು ಅವರ ಲೆಕ್ಕ ಸರಿ, ತೀರ್ಮಾನಕ್ಕೆ ಮಾತ್ರ ನನ್ನ ತಕರಾರಿದೆ ಮಾರಾಯ್ರೆ. 20 ವರ್ಷ ದಾಟಿದ ಕಾರಿನಲ್ಲಿ ರಬ್ಬರ್ ಅನ್ನುವುದೆಲ್ಲ ಸತ್ತಿರ್ತದೆ. ಎಫ್‌ಆರ್‌ಎಸ್ ತಗೊಂಡರೆ ಗಟ್ಟಿ ಛಾವಣಿ, ಆದ್ದರಿಂದ ರೋಲ್ ಬಾರ್ ಬೇಡ. ಹಿಂದಿನ ಸೀಟು ಮಡಿಸಿದರೆ ನಾಲ್ಕು ಟ್ರ್ಯಾಕ್ ಟೈರು ಒಳಗೇ ಕೂರ್ತವೆ. ಟಾರ್ಸನ್ ಎಲ್‌ಎಸ್‌ಡಿ, ಅಂದರೆ ಒಂದು ಚಕ್ರ ಜಾರಿದರೂ ಇನ್ನೊಂದಕ್ಕೆ ಬಲ ಕಳಿಸುವ ಡಿಫರೆನ್ಷಿಯಲ್, ಕಾರ್ಖಾನೆಯಿಂದಲೇ ಬಂದಿರ್ತದೆ. 200 ಎಚ್‌ಪಿ, 1,250 ಕೆಜಿ ಆಸುಪಾಸು. ಕಲಿಯುವವರಿಗೆ ಧಾರಾಳ ಸಾಕು.

ನೋಡಬೇಕಾದದ್ದು ಇವು:

2013ರ ಮಾಡೆಲ್ ಆದರೆ ವಾಲ್ವ್ ಸ್ಪ್ರಿಂಗ್ ರೀಕಾಲ್, ಅಂದರೆ ಕಂಪನಿಯೇ ಕಾರು ಕರೆಸಿ ಮಾಡುವ ರಿಪೇರಿ. 2018ರ ನವೆಂಬರ್‌ನಲ್ಲಿ ಬಂದದ್ದು. ಆ ಕೆಲಸಕ್ಕೆ ಎಂಜಿನ್ ಕೆಳಗಿಳಿಸಬೇಕು, ಮತ್ತೆ ಜೋಡಿಸುವಾಗ ಸೀಲಂಟ್ ಹೆಚ್ಚು ಬಳಿದಿದ್ದರೆ ಅದರ ಚೂರುಗಳು ಉದುರಿ ಆಯಿಲ್ ಪಿಕಪ್ ಜಾಲರಿಗೆ ಅಂಟಿಕೊಳ್ತವೆ. ಆಯಿಲ್ ಹೋಗದಿದ್ದರೆ ಬೇರಿಂಗ್ ಕಥೆ ಮುಗೀತು. ಹಾಗಾಗಿ ರೀಕಾಲ್ ಆಗಿದೆಯಾ ಅಂತ ಮಾತ್ರ ಕೇಳಿದರೆ ಸಾಲದು. ಯಾವಾಗ ಆಯಿತು, ಆಮೇಲೆ ಎಷ್ಟು ಮೈಲಿ ಓಡಿದೆ, ಅದನ್ನೂ ಕೇಳಿ. ರೀಕಾಲ್ ಆಗಿ 20–30 ಸಾವಿರ ಮೈಲಿ ಸದ್ದಿಲ್ಲದೆ ಓಡಿದ್ದರೆ ಅಷ್ಟರ ಮಟ್ಟಿಗೆ ನೆಮ್ಮದಿ. ವಿಐಎನ್, ಅಂದರೆ ಕಾರಿನ ಗುರುತಿನ ನಂಬರ್, ಹಾಕಿದರೆ ಸರ್ಕಾರದ ರೀಕಾಲ್ ತಾಣದಲ್ಲಿ ಬಾಕಿ ಇರುವುದು ಗೊತ್ತಾಗ್ತದೆ.

ಬಾನೆಟ್ ಕೆಳಗಿಂದ ಜೀರುಂಡೆ ಕೂಗಿದ ಹಾಗೆ ಸದ್ದು ಬಂದರೆ ಗಾಬರಿ ಬೇಡ, ಅದು ಹೈ ಪ್ರೆಷರ್ ಫ್ಯೂಯೆಲ್ ಪಂಪು. ಕ್ಲಚ್ ಒತ್ತುವಾಗ, ಬಿಡುವಾಗ ಕೀರಲು ಬಂದರೆ ಥ್ರೋ-ಔಟ್ ಬೇರಿಂಗ್. ಅದಕ್ಕೆ ಗೇರ್‌ಬಾಕ್ಸ್ ಇಳಿಸಬೇಕು, ಚೌಕಾಶಿಗೆ ಒಳ್ಳೆ ಅಸ್ತ್ರ.

ಬಿಸಿ ದಿನಗಳಲ್ಲಿ ಆಯಿಲ್ ತಾಪ 120–130 ಡಿಗ್ರಿ ಸೆಲ್ಸಿಯಸ್‌ಗೆ ಏರ್ತದೆ. ಹಳೆ ಮಾಡೆಲ್‌ಗಳಲ್ಲಿ ಅದನ್ನು ತೋರಿಸುವ ಮೀಟರೇ ಇಲ್ಲ, ಓಬಿಡಿ ರೀಡರ್ ಸಿಕ್ಕಿಸಿ ಫೋನಿನಲ್ಲಿ ನೋಡಬೇಕು. ಥಂಡರ್‌ಹಿಲ್‌ಗೆ ಜುಲೈ-ಆಗಸ್ಟ್‌ನಲ್ಲಿ ಹೋಗುವುದಿದ್ದರೆ ಆಯಿಲ್ ಕೂಲರ್ ಲೆಕ್ಕಕ್ಕೆ ಸೇರಿಸಿ. ಅಲ್ಲಿವರೆಗೆ 0ಡಬ್ಲ್ಯು-20 ಬಿಟ್ಟು 5ಡಬ್ಲ್ಯು-30.

ಇನ್ನೊಂದು, ಮುಂದಿನ ಕ್ಯಾಂಬರ್, ಅಂದರೆ ಚಕ್ರದ ತುದಿ ಒಳಕ್ಕೆ ವಾಲಿರುವ ಕೋನ. ಕಂಪನಿಯಿಂದ ಬರುವಾಗ ಹೆಚ್ಚುಕಮ್ಮಿ ಸೊನ್ನೆ. ಹಾಗೇ ಟ್ರ್ಯಾಕಿಗೆ ಬಿಟ್ಟರೆ ಮುಂದಿನ ಟೈರಿನ ಹೊರ ಅಂಚು ಎರಡು ದಿನದಲ್ಲಿ ದಾರ ತೋರಿಸ್ತದೆ. ಕ್ಯಾಂಬರ್ ಬೋಲ್ಟ್ ಅಗ್ಗ, ಒಂದೂಕಾಲು ಡಿಗ್ರಿ ಸಿಗ್ತದೆ. ಕ್ಯಾಂಬರ್ ಪ್ಲೇಟ್ ಹಾಕಿದರೆ ಮೈನಸ್ ಎರಡೂವರೆವರೆಗೆ ಆರಾಮ.

ಆರು_ಸಿಲಿಂಡರ್

ಇ46 ಬಗ್ಗೆ ಯಾರೂ ಬಾಯಿ ಬಿಡ್ತಿಲ್ಲವಲ್ಲ, ನಾನೇ ಹೇಳ್ತೀನಿ. 330ಐ ಓಡಿಸುವುದಕ್ಕೆ ಈ ಪಟ್ಟಿಯಲ್ಲೇ ಅತಿ ಸೊಗಸಾದ ಕಾರು. 225 ಎಚ್‌ಪಿ, ಸ್ಟೀರಿಂಗ್ ಮಾತಾಡುತ್ತೆ, ನಾಲ್ಕು ಜನ ಕೂತು ಮನೆಗೆ ಬರಬಹುದು. ಆದರೆ ಕೊಳ್ಳುವ ಬೆಲೆ ನೋಡಿ ಮರುಳಾಗಬೇಡಿ, ಅದು ಅರ್ಧ ಬೆಲೆ ಮಾತ್ರ.

ಕೂಲಿಂಗ್ ಸಿಸ್ಟಂ ಪೂರ್ತಿ ಪ್ಲಾಸ್ಟಿಕ್ ಮಯ. ಎಕ್ಸ್‌ಪ್ಯಾನ್ಷನ್ ಟ್ಯಾಂಕ್ ಸೀಳುತ್ತೆ, ರೇಡಿಯೇಟರ್ ಕುತ್ತಿಗೆ ಮುರಿಯುತ್ತೆ. ಟ್ಯಾಂಕ್, ರೇಡಿಯೇಟರ್, ವಾಟರ್ ಪಂಪ್, ಥರ್ಮೋಸ್ಟಾಟ್, ಹೋಸ್ ಎಲ್ಲ ಒಟ್ಟಿಗೇ ಬದಲಾಯಿಸಬೇಕು. ಒಂದೊಂದಾಗಿ ಮಾಡಿದರೆ ಹೊಸದರ ಒತ್ತಡಕ್ಕೆ ಪಕ್ಕದ ಹಳೆಯದು ಒಡೆಯುತ್ತೆ. ಇದನ್ನು ಹಗುರವಾಗಿ ತಗೋಬಾರದು ಅನ್ನೋದಕ್ಕೆ ಕಾರಣ ಇದೆ: ಎಂ54 ಎಂಜಿನ್ನಿನ ಬ್ಲಾಕೂ ಅಲ್ಯೂಮಿನಿಯಂ, ಹೆಡ್ಡೂ ಅಲ್ಯೂಮಿನಿಯಂ. ಒಂದು ಸಲ ಚೆನ್ನಾಗಿ ಓವರ್‌ಹೀಟ್ ಆದರೆ ಹೆಡ್ ಬೋಲ್ಟಿನ ಮರೆಗಳೇ ಬ್ಲಾಕಿನಿಂದ ಕಿತ್ತು ಬರುತ್ತವೆ. ಡ್ಯಾಶ್‌ಬೋರ್ಡಿನ ಮುಳ್ಳು ಎಚ್ಚರಿಸೋದೂ ಇಲ್ಲ. ಸರಿಸುಮಾರು 75ರಿಂದ 115 ಡಿಗ್ರಿವರೆಗೂ ನಡುಮಧ್ಯದಲ್ಲೇ ನಿಂತಿರುವಂತೆ ಅದನ್ನು ಮಾಡಿದ್ದಾರೆ. ಮುಳ್ಳು ಅಲುಗಿದ ಹೊತ್ತಿಗೆ ತಡವಾಗಿರುತ್ತೆ.

ಎರಡನೆಯದು ಹಿಂದಿನ ಸಬ್‌ಫ್ರೇಮ್, ಅಂದರೆ ಹಿಂದಿನ ಆಕ್ಸಲ್ ಹೊತ್ತಿರುವ ಚೌಕಟ್ಟು. ಅದು ಕೂರುವ ನಾಲ್ಕು ಜಾಗದಲ್ಲಿ ಕಾರಿನ ತಗಡಿನ ತಳವೇ ಸೀಳುತ್ತೆ. ಲಿಫ್ಟ್ ಮೇಲೇರಿಸಿ, ಟಾರ್ಚ್ ಹಿಡಿದು, ಮೌಂಟ್‌ಗಳ ಸುತ್ತ ಕೂದಲೆಳೆಯಂಥ ಗೆರೆ ಇದೆಯಾ ನೋಡಿ. ಸೀಲರ್ ಹೊಸದಾಗಿ ಬಳಿದಂತೆ ಕಂಡರೆ ಇನ್ನೂ ಅನುಮಾನ ಪಡಿ. ಓಡಿಸುವಾಗ ಆಕ್ಸಿಲರೇಟರ್ ಒತ್ತಿ-ಬಿಟ್ಟು ಮಾಡಿದಾಗ ಹಿಂದಿನಿಂದ ‘ಠಣ್’ ಅಂದರೆ ಬುಶ್ಶೂ ಆಗಿರಬಹುದು, ಇದೂ ಆಗಿರಬಹುದು. ರಿಪೇರಿ ಅಂದರೆ ಹಿಂದಿನ ಆಕ್ಸಲ್ ಪೂರ್ತಿ ಇಳಿಸಿ ಪ್ಲೇಟ್ ವೆಲ್ಡ್ ಮಾಡಬೇಕು.

ಮೂರನೆಯದು ಇನ್‌ಟೇಕ್‌ನಲ್ಲಿರುವ ಡೀಸಾ ವಾಲ್ವ್. ಅದರ ರೆಕ್ಕೆ ಸವೆದು ಕಳಚಿದರೆ ನೇರ ಎಂಜಿನ್ ಒಳಗೆ. ಎರಡು ಸ್ಕ್ರೂ ಬಿಚ್ಚಿ ಹೊರಗೆ ತೆಗೆದು ಅಲುಗಾಡಿಸಿ ನೋಡಬಹುದು, ಹತ್ತು ನಿಮಿಷದ ಕೆಲಸ. ಮಾರುವವರು ಒಪ್ಪದಿದ್ದರೆ ಬೇರೆ ಕಾರು ನೋಡಿ.

ಮತ್ತೆ, ಎಂ3 ಬಿಟ್ಟರೆ ಇ46ಗೆ ಎಲ್‌ಎಸ್‌ಡಿ ಇಲ್ಲ. ನಿಧಾನ ತಿರುವಿನಿಂದ ಹೊರಬರುವಾಗ ಒಳಗಿನ ಚಕ್ರ ಸುಮ್ಮನೆ ಸುತ್ತುತ್ತೆ. ಸ್ಪ್ಯಾನರ್ ಹಿಡಿಯುವ ಹುಮ್ಮಸ್ಸು ಇದ್ದರೆ ತಗೊಳ್ಳಿ, ಇಲ್ಲದಿದ್ದರೆ ದಯವಿಟ್ಟು ಬೇಡ.

ಮೂರನೇ_ಗೇರ್

ಧನ್ಯವಾದ. ಝಡ್ ಪಟ್ಟಿಯಿಂದ ಔಟ್. ಇ46 ಕೂಡ, ಬೇಜಾರಿನಿಂದಲೇ. ಈಗ ಎನ್‌ಬಿ ಮತ್ತು ಎಫ್‌ಆರ್‌ಎಸ್. ಎತ್ತರದ ವಿಚಾರ ಯಾರಾದರೂ ಹೇಳಿ. ಮಿಯಾಟಾ ಜತೆ ಹಾರ್ಡ್‌ಟಾಪ್ ಬಂದರೆ ರೋಲ್ ಬಾರ್ ಬೇಡ ತಾನೇ?

ಕರಿ_ಹೆಲ್ಮೆಟ್

> ಹಾರ್ಡ್‌ಟಾಪ್ ಬಂದರೆ ರೋಲ್ ಬಾರ್ ಬೇಡ ತಾನೇ?

ಬೇಕು. ಹಾರ್ಡ್‌ಟಾಪ್ ಮಳೆಗೆ, ಚಳಿಗೆ. ಕಾರು ಮಗುಚಿದರೆ ಅದು ಯಾವ ಭಾರವನ್ನೂ ತಡೆಯಲ್ಲ. ಟ್ರ್ಯಾಕ್ ಡೇ ನಡೆಸುವ ಹೆಚ್ಚಿನ ಕ್ಲಬ್‌ಗಳು ಎನ್‌ಎ (ಮೊದಲ ತಲೆಮಾರು), ಎನ್‌ಬಿ ಮಿಯಾಟಾಗಳನ್ನು ರೋಲ್ ಬಾರ್ ಇಲ್ಲದೆ ಗೇಟಿನೊಳಗೇ ಬಿಡಲ್ಲ.

ಬಾರ್ ಇದ್ದರೆ ಸಾಲದು, ತಲೆ ಅದರ ಕೆಳಗಿರಬೇಕು. ಹೆಲ್ಮೆಟ್ ಹಾಕಿ, ಬೆಲ್ಟ್ ಬಿಗಿದು, ಓಡಿಸುವ ಭಂಗಿಯಲ್ಲೇ ಕೂತುಕೊಳ್ಳಿ. ರೋಲ್ ಬಾರಿನ ನೆತ್ತಿಯಿಂದ ವಿಂಡ್‌ಶೀಲ್ಡಿನ ಮೇಲಂಚಿಗೆ ಒಂದು ಪೊರಕೆ ಕೋಲು ಅಡ್ಡ ಇಡಿಸಿ. ಕೋಲಿಗೂ ಹೆಲ್ಮೆಟ್‌ಗೂ ನಡುವೆ ಜಾಗ ಇರಬೇಕು. ಕೆಲವರು 2 ಇಂಚು ಕೇಳ್ತಾರೆ, ಕೆಲವರಿಗೆ ತಾಗದಿದ್ದರೆ ಸಾಕು. ನೀವು ಸೇರುವ ಕ್ಲಬ್ಬಿನ ನಿಯಮ ಓದಿಕೊಳ್ಳಿ.

6 ಅಡಿ 1 ಇಂಚಿಗೆ ಕಂಪನಿ ಸೀಟಿನಲ್ಲಿ ಇದು ಪಾಸಾಗೋದು ಕಷ್ಟ. ಕಾಲು ಉದ್ದವೋ ಮುಂಡ ಉದ್ದವೋ ಅನ್ನೋದರ ಮೇಲೂ ಹೋಗುತ್ತೆ. ಎರಡು ದಾರಿ: ಸೀಟಿನ ಬಟ್ಟೆ ಬಿಚ್ಚಿ, ಕೂರುವ ಜಾಗದ ಫೋಮ್ ಕೊಯ್ದು ತೆಗೆದರೆ ಒಂದರಿಂದ ಒಂದೂವರೆ ಇಂಚು ಕೆಳಗೆ ಹೋಗ್ತೀರಿ, ಖರ್ಚಿಲ್ಲ. ಇಲ್ಲವೇ ರೈಲ್ ತೆಗೆದು ನೆಲಕ್ಕೇ ಫಿಕ್ಸ್ ಮಾಡುವ ಬಕೆಟ್ ಸೀಟ್. ಕೊಳ್ಳುವ ಮುಂಚೆಯೇ ಹೆಲ್ಮೆಟ್ ತಗೊಂಡು ಹೋಗಿ ಕೂತು ನೋಡಿ. ಕಾರು ನೋಡೋಕೆ ಹೆಲ್ಮೆಟ್ ಹಿಡ್ಕೊಂಡು ಬಂದವರನ್ನು ಕಂಡರೆ ಮಾರುವವರು ನಗ್ತಾರೆ, ನಗಲಿ.

ರಸ್ತೆಯಲ್ಲಿ ಓಡಿಸುವಾಗ ಹೆಲ್ಮೆಟ್ ಇರಲ್ಲ, ಬಾರು ತಲೆಯ ಹಿಂದೆಯೇ ಇರುತ್ತೆ. ಹಿಂದಿನಿಂದ ಯಾರಾದರೂ ಗುದ್ದಿದರೆ ಬರಿ ಕಬ್ಬಿಣಕ್ಕೆ ತಲೆ. ಎಸ್‌ಎಫ್‌ಐ 45.1 ಗುರುತಿನ ಗಟ್ಟಿ ಪ್ಯಾಡಿಂಗ್ ಸುತ್ತಿ. ಪೈಪಿಗೆ ಸುತ್ತುವ ಮೆತ್ತನೆ ಫೋಮ್ ಪ್ರಯೋಜನಕ್ಕಿಲ್ಲ.

ಹೆಲ್ಮೆಟ್: ಕಾರ್ ರೇಸಿಂಗಿನ ಸ್ನೆಲ್ ಎಸ್‌ಎ 2020 ಗುರುತಿನದು ಅಥವಾ ಅದಕ್ಕಿಂತ ಹೊಸದು. ‘ಎಂ’ ಅಂತಿದ್ದರೆ ಬೈಕಿನದು, ಬೆಂಕಿ ತಡೆಯುವ ಪರೀಕ್ಷೆ ಅದಕ್ಕೆ ಇರಲ್ಲ. ಬಹಳ ಕಡೆ ಒಪ್ಪಲ್ಲ.

ನಟ್ಟು_ಬೋಲ್ಟು

ಕಾರು ನೋಡಲು ಹೋಗುವಾಗ ಎನ್‌ಬಿಯಲ್ಲಿ ಹೀಗೆ ನೋಡುತ್ತಾ ಬನ್ನಿ. ಎಂಜಿನ್ ತಣ್ಣಗಿರುವಾಗಲೇ ತಲುಪುವುದಾಗಿ ಹೇಳಿ. ನೀವು ಹೋಗುವಷ್ಟರಲ್ಲಿ ಬಿಸಿ ಮಾಡಿಟ್ಟಿದ್ದರೆ ಯಾಕೆಂದು ಯೋಚಿಸಿ.

ಬಾನೆಟ್ ಎತ್ತಿದ ಕೂಡಲೇ ರೇಡಿಯೇಟರಿನ ಮೇಲಿನ ಪ್ಲಾಸ್ಟಿಕ್ ಟ್ಯಾಂಕಿನ ಬಣ್ಣ ನೋಡಿ. ಕಪ್ಪಗಿದ್ದರೆ ಸರಿ. ಹಸಿರು ಬೆರೆತ ಕಂದಾಗಿದ್ದರೆ ಆಯಸ್ಸು ಮುಗಿದಿದೆ, ಟ್ರ್ಯಾಕಿನ ಮೊದಲ ದಿನವೇ ಸೀಳಬಹುದು. ಈ ಎಂಜಿನ್ ಮೂಲದಲ್ಲಿ ಫ್ರಂಟ್ ವೀಲ್ ಡ್ರೈವ್ ಕಾರಿಗೆ ಅಡ್ಡಡ್ಡ ಕೂರುವುದಕ್ಕೆ ಮಾಡಿದ್ದು. ಮಿಯಾಟಾದಲ್ಲಿ ಉದ್ದಕ್ಕೆ ಕೂರಿಸಿದಾಗ ಕೂಲಂಟ್ ಒಳಗೆ ಹೋಗುವುದೂ ಹೊರಗೆ ಬರುವುದೂ ಮುಂದಿನಿಂದಲೇ ಆಯಿತು. ಅದಕ್ಕೇ ಹಿಂದಿನ 4ನೇ ಸಿಲಿಂಡರ್ ಯಾವಾಗಲೂ ಹೆಚ್ಚು ಬಿಸಿ. ಟರ್ಬೊ ಹಾಕದ ಕಾರಿಗೆ ಒಳ್ಳೆ ಅಲ್ಯೂಮಿನಿಯಂ ರೇಡಿಯೇಟರ್ ಸಾಕು.

ಟೈಮಿಂಗ್ ಬೆಲ್ಟ್ 60,000 ಮೈಲಿಗೊಮ್ಮೆ, ವಾಟರ್ ಪಂಪೂ ಜತೆಗೇ. ರಶೀದಿ ಇಲ್ಲದಿದ್ದರೆ ಆಗಿಲ್ಲ ಎಂದೇ ಲೆಕ್ಕ.

1999–2000ರ ಕಾರಾದರೆ ಕ್ರ್ಯಾಂಕ್ ಥ್ರಸ್ಟ್ ಬೇರಿಂಗ್. ಐಡಲ್‌ನಲ್ಲಿ ಎಂಜಿನ್ ಓಡುತ್ತಿರಲಿ, ಒಬ್ಬರು ಕ್ಲಚ್ ಒತ್ತಿ-ಬಿಡುತ್ತಿರಲಿ, ನೀವು ಮುಂದಿನ ಕ್ರ್ಯಾಂಕ್ ಪುಲ್ಲಿ ನೋಡಿ. ಕಣ್ಣಿಗೆ ಕಾಣುವಷ್ಟು ಹಿಂದೆ-ಮುಂದೆ ಸರಿದರೆ ಅಲ್ಲಿಂದಲೇ ವಾಪಸ್.

ಆಯಿಲ್ ಪ್ರೆಷರ್ ಮುಳ್ಳನ್ನು ನಂಬಬೇಡಿ. 1995ರಿಂದೀಚೆಗೆ ಮಿಯಾಟಾದಲ್ಲಿ ಅದು ಬರೀ ಸ್ವಿಚ್ಚು: ಒತ್ತಡ ಇದೆ ಅಥವಾ ಇಲ್ಲ, ಎರಡೇ ಜಾಗ.

ತುಕ್ಕು. ಕ್ಯಾಲಿಫೋರ್ನಿಯಾದಲ್ಲಿ ಕಮ್ಮಿ, ಆದರೂ ಹಿಂದಿನ ಚಕ್ರದ ಮುಂಭಾಗದ ಸಿಲ್ (ಬಾಗಿಲ ಕೆಳಗಿನ ತಗಡು) ಮುಟ್ಟಿ ನೋಡಿ. ಬಟ್ಟೆಯ ಟಾಪಿನ ನೀರು ಇಳಿಯುವ ತೂತು ಕಸ ಕಟ್ಟಿಕೊಂಡರೆ ನೀರು ಅಲ್ಲೇ ನಿಲ್ಲುತ್ತೆ, ಒಳಗಿನಿಂದ ತಿನ್ನುತ್ತಾ ಬರುತ್ತೆ. ಪೇಂಟ್ ಗುಳ್ಳೆ ಎದ್ದಿದ್ದರೆ ಒಳಗೆ ತಗಡು ಉಳಿದಿಲ್ಲ.

ಎಲ್‌ಎಸ್‌ಡಿ ಇದೆ ಎಂದು ಜಾಹೀರಾತಿನಲ್ಲಿ ಬರೆದಿದ್ದರೆ ಪರೀಕ್ಷಿಸಿ: ಹಿಂದಿನ ಎರಡೂ ಚಕ್ರ ಜಾಕ್ ಸ್ಟ್ಯಾಂಡ್ ಮೇಲೆ, ಗೇರ್ ನ್ಯೂಟ್ರಲ್, ಹ್ಯಾಂಡ್ ಬ್ರೇಕ್ ಬಿಟ್ಟು ಒಂದು ಚಕ್ರ ತಿರುಗಿಸಿ. ಇನ್ನೊಂದು ಅದೇ ದಿಕ್ಕಿಗೆ ತಿರುಗಿದರೆ ಇದೆ, ಉಲ್ಟಾ ತಿರುಗಿದರೆ ಓಪನ್ ಡಿಫರೆನ್ಷಿಯಲ್. ಮಾರುವವರಿಗೇ ಗೊತ್ತಿಲ್ಲದಿರುವುದು ಸಾಮಾನ್ಯ.

ಕಂಪ್ರೆಷನ್ ಟೆಸ್ಟ್: ಎಂಜಿನ್ ಬಿಸಿ, ನಾಲ್ಕೂ ಪ್ಲಗ್ ಹೊರಗೆ, ಇಂಜೆಕ್ಟರ್ ಮತ್ತು ಇಗ್ನಿಷನ್ ಕನೆಕ್ಷನ್ ತೆಗೆದು, ಆಕ್ಸಿಲರೇಟರ್ ಪೂರ್ತಿ ಒತ್ತಿ ಕ್ರ್ಯಾಂಕ್ ಮಾಡಿ. ಬಂದ ಅಂಕಿ 10-15 ಪಿಎಸ್‌ಐ ಹೆಚ್ಚುಕಮ್ಮಿ ಇದ್ದರೂ ಪರವಾಗಿಲ್ಲ, ನಾಲ್ಕೂ ಒಂದಕ್ಕೊಂದು ಹತ್ತಿರ ಇರಬೇಕು. ಒಂದು ಸಿಲಿಂಡರ್ ಮಾತ್ರ ಬಿದ್ದಿದ್ದರೆ ಲೀಕ್-ಡೌನ್ ಟೆಸ್ಟ್ ಮಾಡಿಸಿ, ಅಂದರೆ ಸಿಲಿಂಡರಿಗೆ ಗಾಳಿ ತುಂಬಿ ಸೋರಿಕೆ ಅಳೆಸಿ. 20 ಪರ್ಸೆಂಟ್ ಮೀರಿ ಗಾಳಿ ಸೋರಿದರೆ ಎಂಜಿನ್ ಬಿಚ್ಚುವ ದುಡ್ಡೂ ಕಾರಿನ ಬೆಲೆಗೆ ಸೇರಿತು.

ಕೊನೆಗೆ ಪೇಪರ್. ಈ ರಾಜ್ಯದಲ್ಲಿ ಸ್ಮಾಗ್ (ಹೊಗೆ ತಪಾಸಣೆ) ಸರ್ಟಿಫಿಕೇಟ್ ಕೊಡುವುದು ಮಾರುವವರ ಜವಾಬ್ದಾರಿ, 90 ದಿನದೊಳಗಿನದು. “ನೀವೇ ಮಾಡಿಸ್ಕೊಳ್ಳಿ, ಬೇಕಾದರೆ 300 ಕಮ್ಮಿ ಮಾಡ್ತೀನಿ” ಅಂದರೆ ಅದು ಪಾಸಾಗದ ಕಾರು.

ಬನಶಂಕರಿ_ಬಾನೆಟ್

ನಡುವೆ ಬಾಯಿ ಹಾಕ್ತಿದೀನಿ, ಕ್ಷಮಿಸಿ ಗುರುಗಳೇ. ಬೆಂಗಳೂರಲ್ಲಿರೋ ನಮ್ಮ ಕಥೆ ಏನು? ಮಿಯಾಟಾನೂ ಇಲ್ಲ, ಟೊಯೋಟಾ 86 (ಎಫ್‌ಆರ್‌ಎಸ್‌ನದೇ ಇನ್ನೊಂದು ಹೆಸರು) ಕೂಡ ಇಲ್ಲ. ಚೆನ್ನೈ ಟ್ರ್ಯಾಕಿಗೆ ಹೋಗೋಕೆ ಹಳೇ ಬಿಎಂಡಬ್ಲ್ಯು 3 ಸೀರೀಸ್ ಎಫ್30 ತಗೊಳ್ಳೋ ಯೋಚನೆ. 320ಡಿ ಬೇಕಾದಷ್ಟು ಸಿಗ್ತಿವೆ, 328ಐ ಅಲ್ಲೊಂದು ಇಲ್ಲೊಂದು.

ಆರು_ಸಿಲಿಂಡರ್

ಚೆನ್ನೈನ ಇರುಂಗಾಟ್ಟುಕೋಟೈ ಟ್ರ್ಯಾಕು 3.717 ಕಿ.ಮೀ., ವೇಗದ ತಿರುವುಗಳು ಹೆಚ್ಚು, ಮೇಲಿಂದ ಚೆನ್ನೈ ಸೆಕೆ. ಒಂದೂವರೆ ಟನ್ನಿನ ಡೀಸೆಲ್ ಆಟೊಮ್ಯಾಟಿಕ್ ಸೆಡಾನಿಗೆ ಅದು ಹೇಳಿ ಮಾಡಿಸಿದ ಜಾಗ ಅಲ್ಲ.

ಎಫ್30ರಲ್ಲಿ ಮೊದಲು ಬಂದ 320ಡಿಯಲ್ಲಿರುವುದು ಎನ್47 ಎಂಜಿನ್. ಟೈಮಿಂಗ್ ಚೈನ್ ಗೇರ್‌ಬಾಕ್ಸ್ ಕಡೆಗಿದೆ. ಸದ್ದು ಶುರುವಾದರೆ ಅದನ್ನು ತಲುಪುವುದಕ್ಕೇ ದೊಡ್ಡ ಬಿಚ್ಚಾಟ. ನಂತರದ ಬಿ47 ವಾಸಿ. 328ಐನ ಎನ್20 ಪೆಟ್ರೋಲ್‌ನಲ್ಲಿ 2015ರ ಆರಂಭದವರೆಗಿನವುಗಳ ಚೈನ್ ಗೈಡಿನ ಪ್ಲಾಸ್ಟಿಕ್ ಪುಡಿಯಾಗಿ ಸಂಪ್‌ಗೆ, ಅಂದರೆ ಎಂಜಿನ್ ತಳದ ಆಯಿಲ್ ತೊಟ್ಟಿಗೆ, ಬೀಳುತ್ತೆ. ಆರ್‌ಪಿಎಂ ಏರಿದಂತೆ ಏರುವ ಸಣ್ಣ ಸೀಟಿಯಂಥ ಸದ್ದು ಬಂದರೆ ಬಿಟ್ಟುಬಿಡಿ. ಎರಡಕ್ಕೂ ಎಲ್‌ಎಸ್‌ಡಿ ಇಲ್ಲ, ಬ್ರೇಕ್ ಹಾಕಿಯೇ ಒಳಚಕ್ರ ಹಿಡಿಯುವ ವ್ಯವಸ್ಥೆ. ಟ್ರ್ಯಾಕಿನಲ್ಲಿ ಹಿಂದಿನ ಪ್ಯಾಡ್ ಸುಟ್ಟುಕೊಳ್ಳುತ್ತೆ. ಗಾಳಿ ಹೋದರೂ ಓಡುವ ರನ್‌ಫ್ಲಾಟ್ ಟೈರ್ ಮೊದಲು ತೆಗೆಯಬೇಕು.

ಪ್ರವಾಹದ ಕಾರಿನ ವಿಷಯದಲ್ಲಿ ಬಹಳ ಹುಷಾರು. 2015ರಲ್ಲಿ ಚೆನ್ನೈ ಮುಳುಗಿತ್ತು, 2022ರ ಸೆಪ್ಟೆಂಬರ್‌ನಲ್ಲಿ ನಮ್ಮ ಔಟರ್ ರಿಂಗ್ ರೋಡ್ ಕಡೆಯ ಬಡಾವಣೆಗಳೂ ಮುಳುಗಿದವು. ಸೀಟ್ ಬೆಲ್ಟನ್ನು ಕೊನೆತನಕ ಎಳೆದು ಕೆಸರಿನ ಗೆರೆ ಹುಡುಕಿ. ಸೀಟಿನ ರೈಲ್ ಬೋಲ್ಟ್ ತುಕ್ಕು ಹಿಡಿದಿದೆಯಾ ನೋಡಿ. ಡಿಕ್ಕಿಯ ಕೆಳಗಿನ ಹೊದಿಕೆ ಎತ್ತಿ, ಬ್ಯಾಟರಿ ಅಲ್ಲೇ ಇರುತ್ತೆ. ಟರ್ಮಿನಲ್, ಕನೆಕ್ಟರ್ ಹಸಿರುಗಟ್ಟಿದ್ದರೆ ಬೆಲೆ ಎಷ್ಟೇ ಇಳಿಸಿದರೂ ಬೇಡ.

ನನ್ನನ್ನು ಕೇಳಿದರೆ ಅಲ್ಲಿ ಕಲಿಯೋಕೆ ಫ್ರಂಟ್ ವೀಲ್ ಡ್ರೈವ್ ಆದರೂ ಒಂದು ಹಳೆ ಸ್ವಿಫ್ಟ್ ಅಥವಾ ಪೋಲೊ ಸಾಕು. ಹಿಂದಿನ ಚಕ್ರದ ರುಚಿಯೇ ಬೇಕೆಂದರೆ ಚೆನ್ನೈ, ಕೊಯಮತ್ತೂರಿನ ರೇಸಿಂಗ್ ಶಾಲೆಗಳಲ್ಲಿ ಸಿಂಗಲ್ ಸೀಟರ್ ತರಬೇತಿ ವಿಚಾರಿಸಿ. ಸ್ವಿಫ್ಟ್ ಎಂಜಿನ್ನಿನ ಫಾರ್ಮುಲಾ ಎಲ್‌ಜಿಬಿ ಕಾರು ರಿಯರ್ ವೀಲ್ ಡ್ರೈವೇ. ಇಎಂಐ ಇಲ್ಲ, ಗ್ಯಾರೇಜ್ ಬಿಲ್ ಇಲ್ಲ.

ಬನಶಂಕರಿ_ಬಾನೆಟ್

ಹೆಂಡ್ತಿಗೆ ನಿಮ್ಮ ಕೊನೇ ಸಾಲು ತೋರಿಸಬಾರದು ಅಷ್ಟೇ. ಥ್ಯಾಂಕ್ಸ್ ಸರ್.

ಮೂರನೇ_ಗೇರ್

ಎರಡು ಕಾರು ಸಿಕ್ಕಿವೆ. ಹೇಳಿ.

ಒಂದು: 2002 ಮಿಯಾಟಾ, 1,18,000 ಮೈಲಿ, 7,200 ಡಾಲರ್. ರೋಲ್ ಬಾರ್ ಹಾಕಿದೆ, ಟೈಮಿಂಗ್ ಬೆಲ್ಟ್ ರಶೀದಿ ಇದೆ (92,000ದಲ್ಲಿ), ರೇಡಿಯೇಟರ್ ಹಳೆಯದು, ಕಂದು ಬಣ್ಣ. ಫೋಮ್ ತೆಗೆದ ಸೀಟು, ಕೋಲಿನ ಪರೀಕ್ಷೆಯಲ್ಲಿ ಒಂದೂವರೆ ಇಂಚು ಉಳಿಯಿತು.

ಎರಡು: 2013 ಎಫ್‌ಆರ್‌ಎಸ್, 96,000 ಮೈಲಿ, 9,800 ಡಾಲರ್. ರೀಕಾಲ್ ಆಗಿದೆ, ಆಮೇಲೆ 4,000 ಮೈಲಿ ಮಾತ್ರ ಓಡಿದೆ. ಎಕ್ಸಾಸ್ಟ್ ಬದಲಾಯಿಸಿದ್ದಾರೆ, ಸದ್ದು ಜೋರು.

ಬಾಕ್ಸರ್_ಭಟ್ಟ

ಎಫ್‌ಆರ್‌ಎಸ್ ಪಕ್ಷದವನೇ ಹೇಳ್ತೇನೆ, ಆ ಎಫ್‌ಆರ್‌ಎಸ್ ಬೇಡ. 4,000 ಮೈಲಿ ಅಂದರೆ ಇನ್ನೂ ಏನೂ ಗೊತ್ತಾಗಿಲ್ಲ ಅಂತ ಅರ್ಥ. ಕೇಳಿದ ಬೆಲೆಗೆ ಬಿಟ್ಟರೂ ಟ್ರ್ಯಾಕಿಗೆ ಇಳಿಸುವ ಮುಂಚೆ ಸಂಪ್ ಬಿಚ್ಚಿ ಪಿಕಪ್ ನೋಡಬೇಕು. ಮತ್ತೆ ಲಗೂನಾದಲ್ಲಿ ಸದ್ದಿಗೆ ಮಿತಿ ಉಂಟು, ಹೆಚ್ಚಿನ ಟ್ರ್ಯಾಕ್ ಡೇಗಳಲ್ಲಿ 90 ಡೆಸಿಬೆಲ್ ಆಸುಪಾಸು. ಟ್ರ್ಯಾಕಿನ ಪಕ್ಕದಲ್ಲೇ ಮೈಕ್ ಇಟ್ಟು ಅಳೀತಾರೆ. ಮೀರಿದರೆ ಕರಿ ಬಾವುಟ, ಮತ್ತೂ ಮೀರಿದರೆ ಮನೆಗೆ. ಆ ಎಕ್ಸಾಸ್ಟ್‌ನಲ್ಲಿ ಇಡೀ ದಿನದ ಫೀ ಒಂದೇ ಸೆಷನ್‌ಗೆ ಕರಗೀತು.

ನಟ್ಟು_ಬೋಲ್ಟು

2002 ತಗೊಳ್ಳಿ. ಕಂದು ರೇಡಿಯೇಟರ್ ತೋರಿಸಿ 6,700ಕ್ಕೆ ಕೇಳಿ. ಮೊದಲ ದಿನಕ್ಕೆ ಮುಂಚೆ ಆಗಬೇಕಾದ ಕೆಲಸ:

ರೇಡಿಯೇಟರ್, ಮೇಲಿನ-ಕೆಳಗಿನ ಹೋಸ್, ಥರ್ಮೋಸ್ಟಾಟ್, ಕ್ಯಾಪ್. ಕೂಲಂಟ್ ತುಂಬುವಾಗ ಕಾರಿನ ಮೂತಿ ಎತ್ತರಕ್ಕೆ ಇರಲಿ, ಹೀಟರ್ ಫುಲ್ ಬಿಸಿಗೆ ಇಡಿ, ಗಾಳಿ ಗುಳ್ಳೆ ನಿಂತ ಮೇಲೆ ಮುಚ್ಚಿ. ಸೇರುವ ಟ್ರ್ಯಾಕಿನಲ್ಲಿ ಆಂಟಿಫ್ರೀಜ್ ಒಪ್ಪುತ್ತಾರಾ ಕೇಳಿಕೊಳ್ಳಿ.

ಬ್ರೇಕ್ ಫ್ಲೂಯಿಡ್ ಪೂರ್ತಿ ಬದಲಾವಣೆ. ಡಾಟ್ 3 ನೀರು ಹೀರಿದ ಮೇಲೆ 140 ಡಿಗ್ರಿಗೇ ಕುದಿಯಬಹುದು. ಮೋಟುಲ್ ಆರ್‌ಬಿಎಫ್ 600 ಹೊಸದಿದ್ದಾಗ 312, ನೀರು ಹೀರಿದ ಮೇಲೂ 200ಕ್ಕಿಂತ ಮೇಲೆ. ಅರ್ಧ ಲೀಟರಿನ ಬಾಟಲಿ ಎರಡು ತನ್ನಿ. ಹಿಂದಿನ ಬಲ, ಹಿಂದಿನ ಎಡ, ಮುಂದಿನ ಬಲ, ಮುಂದಿನ ಎಡ, ಈ ಕ್ರಮದಲ್ಲಿ ಬ್ಲೀಡ್ ಮಾಡಿ. ರಿಸರ್ವಾಯರ್ ಖಾಲಿಯಾಗದ ಹಾಗೆ ನೋಡಿಕೊಳ್ಳಿ, ಗಾಳಿ ಎಳೆದುಕೊಂಡರೆ ಮೊದಲಿಂದ ಶುರು.

ಪ್ಯಾಡ್: ಮನೆಯಿಂದ ಓಡಿಸಿಕೊಂಡು ಹೋಗುವುದರಿಂದ ಮೊದಲಿಗೆ ಹಾಕ್ ಎಚ್‌ಪಿ ಪ್ಲಸ್ ತರಹದ್ದು ಸಾಕು. ರಸ್ತೆಯಲ್ಲಿ ಕೀರಲು ಬರುತ್ತೆ, ಸಹಿಸಿಕೊಳ್ಳಿ. ವೇಗ ಬಂದಮೇಲೆ ಕಾರ್ಬೊಟೆಕ್ ಎಕ್ಸ್‌ಪಿ10 ಮುಂದೆ, ಎಕ್ಸ್‌ಪಿ8 ಹಿಂದೆ. ಮುಂದಿನ ಪ್ಯಾಡಿನ ಹಿಡಿತವೇ ಯಾವಾಗಲೂ ಹೆಚ್ಚಿರಬೇಕು. ಉಲ್ಟಾ ಮಾಡಿದರೆ ಬ್ರೇಕ್ ಒತ್ತಿದಾಗ ಹಿಂಭಾಗ ಎದುರಿಗೆ ಬರುತ್ತೆ.

ಟೈರು: 205/50ಆರ್15, 200 ಟ್ರೆಡ್‌ವೇರ್ (ಸವೆತದ ಅಂಕಿ). ಹ್ಯಾಂಕೂಕ್ ಆರ್‌ಎಸ್4 ಬಹಳ ಬಾಳಿಕೆ, ಬಿಸಿಗೆ ಬೇಗ ಜಗ್ಗಲ್ಲ. ಬೆಳಿಗ್ಗೆ ತಣ್ಣಗಿರುವಾಗ 27 ಪಿಎಸ್‌ಐ, ಸೆಷನ್ ಮುಗಿಸಿ ಬಂದ ಕೂಡಲೇ ಅಳೆದು 33ರ ಹತ್ತಿರಕ್ಕೆ ಇಳಿಸಿ. ಅಲೈನ್‌ಮೆಂಟ್‌ನಲ್ಲಿ ಕಂಪನಿ ಬೋಲ್ಟ್ ಕೊಡುವಷ್ಟು ಕ್ಯಾಂಬರ್ ಎಳೆಸಿ, ಮುಂದಿನ ಟೋ (ಮೇಲಿಂದ ನೋಡಿದಾಗ ಚಕ್ರ ಓರೆಯಾಗಿರುವ ಕೋನ) ಸೊನ್ನೆ, ಹಿಂದೆ ಒಂಚೂರು ಟೋ-ಇನ್.

ಮುಂದಿನ ಹಬ್ ಬೇರಿಂಗ್: ಚಕ್ರವನ್ನು 12 ಮತ್ತು 6 ಗಂಟೆಯ ಜಾಗದಲ್ಲಿ ಹಿಡಿದು ಅಲುಗಿಸಿ. ಅಂಟು ಟೈರಿನಲ್ಲಿ ಮಿಯಾಟಾದ ಮುಂದಿನ ಹಬ್ ಸವೆಯುವ ಸಾಮಾನು, ಬಿರುಕು ಬಿಡುವುದೂ ಉಂಟು. ಲೊಡಲೊಡ ಅಂದರೆ ಎರಡನ್ನೂ ಬದಲಿಸಿ, ಒಂದನ್ನಲ್ಲ.

ಚಕ್ರದ ನಟ್ಟು 110 ನ್ಯೂಟನ್ ಮೀಟರ್‌ಗೆ ಟಾರ್ಕ್ ರೆಂಚ್‌ನಲ್ಲೇ ಬಿಗಿಯಿರಿ. ಪ್ರತಿ ಸೆಷನ್‌ಗೂ ಮುಂಚೆ ಇನ್ನೊಮ್ಮೆ ನೋಡಿ. ಪೆಟ್ರೋಲ್ ಅರ್ಧ ಟ್ಯಾಂಕಿಗಿಂತ ಇಳಿಯದಿರಲಿ, ಉದ್ದ ತಿರುವಿನಲ್ಲಿ ಪಂಪಿಗೆ ಗಾಳಿ ಸಿಗುತ್ತೆ. ಪಿಟ್‌ಗೆ ಬಂದ ಮೇಲೆ ಹ್ಯಾಂಡ್ ಬ್ರೇಕ್ ಎಳೀಬೇಡಿ, ಕೆಂಡದಂತಿರುವ ಡಿಸ್ಕಿಗೆ ಪ್ಯಾಡ್ ಅಂಟುತ್ತೆ. ಗೇರ್‌ನಲ್ಲಿ ಬಿಟ್ಟು ಚಕ್ರಕ್ಕೆ ಅಡ್ಡ ಕೊಡಿ.

ಕರಿ_ಹೆಲ್ಮೆಟ್

ಇನ್ಶೂರೆನ್ಸ್ ಪಾಲಿಸಿಯನ್ನೂ ಓದಿ. ಮಾಮೂಲಿ ಕಾರ್ ಪಾಲಿಸಿಗಳಲ್ಲಿ ಬಹಳಷ್ಟು ರೇಸ್ ಟ್ರ್ಯಾಕಿನಲ್ಲಿ ಆಗುವುದನ್ನು, ಡ್ರೈವಿಂಗ್ ಸ್ಕೂಲ್ ಅಂತ ಕರೆದರೂ, ಹೊರಗಿಡುತ್ತವೆ. ದಿನದ ಲೆಕ್ಕದ ಟ್ರ್ಯಾಕ್ ಇನ್ಶೂರೆನ್ಸ್ ಬೇರೆ ಸಿಗುತ್ತೆ. 6,700ರ ಕಾರಿಗೆ ಅದು ಬೇಕೋ ಬೇಡವೋ ನಿಮ್ಮಿಷ್ಟ, ಆದರೆ ಗೋಡೆ, ಗಾರ್ಡ್‌ರೈಲ್ ಹಾಳಾದರೆ ಕೆಲವು ಟ್ರ್ಯಾಕ್‌ಗಳು ಬಿಲ್ ಕಳಿಸುತ್ತವೆ. ಸಹಿ ಹಾಕುವ ಕಾಗದದಲ್ಲಿ ಆ ಸಾಲು ಇದೆಯಾ ನೋಡಿ.

ಮೂರನೇ_ಗೇರ್

6,900ಕ್ಕೆ ಒಪ್ಪಿದರು, ಸ್ಮಾಗ್ ಅವರದೇ. ಎಲ್‌ಎಸ್‌ಡಿ ಪರೀಕ್ಷೆಯಲ್ಲಿ ಎರಡೂ ಚಕ್ರ ಒಂದೇ ದಿಕ್ಕಿಗೆ ತಿರುಗಿದವು. ಬಲಗಡೆ ಮುಂದಿನ ಹಬ್ ಸ್ವಲ್ಪ ಅಲುಗುತ್ತಿದೆ, ಎರಡೂ ಆರ್ಡರ್ ಹಾಕ್ತಿದ್ದೇನೆ. ಹಬ್ ನಟ್ ಹಳೆಯದನ್ನೇ ಮತ್ತೆ ಹಾಕಬಹುದಾ?

ನಟ್ಟು_ಬೋಲ್ಟು

ಬೇಡ. ಅದು ಕಂಠ ತಗ್ಗಿಸಿ ಬಡಿದು ಕೂರಿಸುವ ನಟ್ಟು, ಒಂದು ಸಲಕ್ಕೆ ಮಾತ್ರ. ಹೊಸದು ಎರಡು ತರಿಸಿ.